ಅಪ್ಪ ಹಾಕಿದ ನಾಮ

ಆ ಬೇಸಿಗೆಯಲ್ಲಿ ನಮ್ಮ ವಂಡಿಯ ಇಂಜಿನ್ನೂ ನನ್ನ ಹೊಟ್ಟೆಯೂ ಒಟ್ಟಿಗೆ ಉರಿದವು. ಯಾವುದು ಮೊದಲು ಹತ್ತಿಕೊಂಡಿತು ಅಂತ ಕೇಳಿದರೆ ಹೊಟ್ಟೆಯೇ ಅನ್ನಬೇಕು. ಇಂಜಿನ್ನಿಗೆ ಪ್ಲಗ್ಗು, ಆಯಿಲು ಅಂತ ಏನೇನೋ ಬದಲಾಯಿಸಿ ನೋಡಿದೆ. ಹೊಟ್ಟೆಗೆ ಅಂಥ ಸ್ಪೇರ್ ಪಾರ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ವಂಡಿ ಅಂದರೆ ಅಪ್ಪನ ಹಳೆಯ ಮೋಟರ್ ಸೈಕಲ್ಲು. ನಮ್ಮದು ಮೂರು ತಲೆಮಾರಿನಿಂದ ವೆಸ್ಟ್ ಮಾಂಬಲಂನಲ್ಲೇ ಬೇರು ಬಿಟ್ಟ ಕನ್ನಡದ ಮನೆ. ಮನೆಯೊಳಗೆ ಆಡುವುದು ಕನ್ನಡವೇ, ಆದರೆ ಅದರಲ್ಲಿ ಅರ್ಧಕ್ಕರ್ಧ ತಮಿಳು ಕಲೆತು ಯಾವ ಕಾಲವಾಯಿತೋ. ಹಾಗಾಗಿ ಮೋಟರ್ ಸೈಕಲ್ಲು ನಮಗೆಲ್ಲ ‘ವಂಡಿ’. ಭಾವ ಒಬ್ಬರೇ ಅದನ್ನು ‘ಗಾಡಿ’ ಅನ್ನುವುದು. ಭಾವ ಅಂದರೆ ಅಕ್ಕನ ಗಂಡ, ಮೈಸೂರಿನವರು. ಕೆಲಸದ ಮೇಲೆ ಇಲ್ಲಿಗೆ ಬಂದು ಅಣ್ಣಾ ನಗರದಲ್ಲಿ ಮನೆ ಮಾಡಿದ್ದಾರೆ. ‘ಮಾವ, ಗಾಡಿ ತಗೊಂಡು ಒಂದು ಸುತ್ತು ಹೋಗಿಬರಲಾ?’ ಅಂತ ಅವರು ಕೇಳಿದರೆ ಸಾಕು, ಅಪ್ಪ ಬೆಲ್ಲದ ಹಾಗೆ ಕರಗಿಬಿಡುತ್ತಾರೆ. ಅದೇ ಮಾತನ್ನು ನಾನು ‘ಅಪ್ಪ, ವಂಡಿ ಎಡುತ್ಕೊಂಡು ಹೋಗ್ಲಾ?’ ಅಂತ ಕೇಳಿದರೆ, ‘ಮೊದಲು ಬಾಯಿ ತೊಳ್ಕೊಂಡು ಬಾರೋ’ ಅನ್ನುತ್ತಾರೆ. ಅಲ್ಲ, ನನ್ನನ್ನು ಈ ಊರಿನಲ್ಲಿ ಹುಟ್ಟಿಸಿ, ಇಲ್ಲಿಯ ಸ್ಕೂಲಿಗೆ ಕಳಿಸಿದವರು ಯಾರು? ನಾನೇ ಅರ್ಜಿ ಹಾಕಿಕೊಂಡಿದ್ದೆನೇ?

ಅಳಿಯನಿಗೆ ‘ನೀವು, ತಾವು’. ಮಗನಿಗೆ ‘ಲೋ’. ಅಳಿಯ ಬಂದರೆ ಫ್ಯಾನಿನ ಕೆಳಗಿನ ಕುರ್ಚಿ ಅವರಿಗೆ. ಅಳಿಯ ಹುಳಿ ಚೆನ್ನಾಗಿದೆ ಅಂದರೆ ಅಂದಿನ ಹುಳಿ ಅಮೃತ, ನಾನು ಅಂದರೆ ‘ಉಪ್ಪು ಒಂದು ಕಲ್ಲು ಕಮ್ಮಿಯಾಗಿದೆ, ನಿನಗೆಲ್ಲಿ ಗೊತ್ತಾಗುತ್ತೆ.’ ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದವನು ಯಾರೋ ನನ್ನಂಥ ಮಗನೇ ಇರಬೇಕು.

ಇದೆಲ್ಲ ಹೇಗೋ ನುಂಗಿಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ಗಿಂಡಿಯ ಹತ್ತಿರ ನೀರು ನಿಂತ ರಸ್ತೆಯಲ್ಲಿ ವಂಡಿ ಜಾರಿ ಬಿದ್ದೆ ನೋಡಿ, ಅಲ್ಲಿಂದ ನುಂಗುವುದು ಕಷ್ಟವಾಯಿತು. ಕೈ ಮೂಳೆಯಲ್ಲಿ ಬಿರುಕು, ಮಂಡಿಯೆಲ್ಲ ತರಚಿಕೊಂಡು ಹಸಿ ಹಸಿ. ಪಟ್ಟಿ ಕಟ್ಟಿಸಿಕೊಂಡು, ಹೆಂಡತಿಯ ಭುಜ ಹಿಡಿದು ಕುಂಟುತ್ತಾ ಮನೆಗೆ ಬಂದರೆ, ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿದ್ದು ಒಂದೇ ಮಾತು: ‘ವಂಡಿ ಏನಾಯ್ತು?’

ಅಯ್ಯೋ ರಾಯರೇ! ವಂಡಿ ಏನಾಯ್ತು! ಮಗ ಸತ್ತನೋ ಬದುಕಿದನೋ ಅದು ಹಾಗಿರಲಿ, ವಂಡಿ ಏನಾಯ್ತು! ಆ ರಾತ್ರಿ ಹೆಂಡತಿಯ ಹತ್ತಿರ ಎಗರಾಡಿದೆ. ‘ಬರೆದಿಟ್ಟುಕೋ, ನಮ್ಮಪ್ಪ ನನಗೆ ಒಂದು ದಿನ ಸರಿಯಾಗಿ ನಾಮ ಹಾಕ್ತಾರೆ. ವಂಡಿ ಅಳಿಯನಿಗೆ, ಮನೆ ಅಳಿಯನಿಗೆ, ನನಗೆ ಮೂರು ನಾಮ’ ಅಂದೆ. ನನ್ನವಳು ಔಷಧಿಯ ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸುತ್ತಾ, ‘ರೀ, ಮೊದಲು ಇದನ್ನ ನುಂಗಿ. ಆಮೇಲೆ ನಾಮ ಹಾಕಿಸ್ಕೊಳ್ಳೋರಂತೆ’ ಅಂದಳು.

ಕೈ ಕೂಡಿಕೊಂಡು ಮತ್ತೆ ವಂಡಿ ಹತ್ತಿದೆ. ಅಪ್ಪ ಮಾತ್ರ ಆಮೇಲೆ ನನ್ನ ಹಿಂದೆ ಕೂರಲಿಲ್ಲ. ‘ರಾಯರ ಮಠಕ್ಕೆ ಬಿಡಲಾ?’ ಅಂದರೆ ‘ಬೇಡ, ಭಾನುವಾರ ಅಳಿಯಂದಿರು ಬರ್ತಾರೆ’ ಅನ್ನುತ್ತಿದ್ದರು.

ಚಳಿ ಅನ್ನುವ ಹೆಸರಿನ ಎರಡು ವಾರ ಮುಗಿದು ಬಿಸಿಲು ಏರತೊಡಗಿದಾಗ ಆ ಕಾಯಿಲೆ ಶುರುವಾಯಿತು. ನನ್ನ ಆಫೀಸು ಪಲ್ಲಾವರಂನಲ್ಲಿ. ಬೆಳಿಗ್ಗೆ ಮಾಂಬಲಂ ಬಿಡುವಾಗ ವಂಡಿ ಚೆನ್ನಾಗೇ ಹೊರಡುತ್ತಿತ್ತು. ಗಿಂಡಿ ದಾಟುವಷ್ಟರಲ್ಲಿ ಎಳೆತ ಕಮ್ಮಿ. ಏರೋಪ್ಲೇನುಗಳು ತಲೆಯ ಮೇಲೆ ಇಳಿಯುವ ಮೀನಂಬಾಕ್ಕಂ ಹತ್ತಿರ ಬರುವಷ್ಟರಲ್ಲಿ ಇಂಜಿನ್ನು ದೋಸೆ ಕಾವಲಿ. ಪ್ಯಾಂಟಿನ ಬಟ್ಟೆಯೊಳಗೂ ಕಾಲು ಚುರುಗುಟ್ಟುತ್ತಿತ್ತು. ಕಟಕಟ ಸದ್ದು, ಎರಡು ಸಲ ಬಿಕ್ಕಳಿಕೆ, ಆಮೇಲೆ ಮೌನ. ಪಕ್ಕಕ್ಕೆ ತಳ್ಳಿ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಕಾದರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ತಣ್ಣಗಾಯಿತು, ಹೊರಟಿತು ಅಂದುಕೊಳ್ಳುತ್ತಿದ್ದೆ. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ಕು ಇಂಜಿನ್ನಿನ ಹತ್ತಿರ ಕೈ ತಂದು ಥಟ್ಟನೆ ಹಿಂದಕ್ಕೆ ಎಳೆದುಕೊಂಡು, ‘ಸಾರ್, ಇದುಕ್ಕು ವಯಿತ್ತೆರಿಚ್ಚಲ್’ ಅಂತ ನಕ್ಕ. ವಯಿತ್ತೆರಿಚ್ಚಲ್ ಅಂದರೆ ಹೊಟ್ಟೆ ಉರಿ, ನಮ್ಮ ಹೊಟ್ಟೆಕಿಚ್ಚೇ. ನನಗೇ ಅಂದನೇನೋ ಅನ್ನಿಸಿ ಅವನ ಮುಖ ನೋಡಿದೆ. ಪಾಪ, ಅವನಿಗೇನು ಗೊತ್ತು. ಆಯಿಲ್ ಬದಲಾಯಿಸಿದ, ಆಗಲಿಲ್ಲ. ಇನ್ನೂ ಮಂದದ ಆಯಿಲ್ ಹಾಕಿದ, ಅದೂ ಆಗಲಿಲ್ಲ. ಇಂಜಿನ್ನಿನ ಸುತ್ತ ಇರುವ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ವರ್ಷಗಟ್ಟಲೆ ಕೂತಿದ್ದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದ. ಗಾಳಿ ಆಡಲಿ, ತಣ್ಣಗಾಗಲಿ ಅಂತ. ಪ್ಲಗ್ಗು ಬಿಚ್ಚಿ ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ‘ಪೆಟ್ರೋಲ್ ಸರಿಯಾಗಿ ಹೋಗ್ತಿಲ್ಲ, ಬರೀ ಗಾಳಿ ಕುಡೀತಿದೆ, ಅದಕ್ಕೇ ಕಾಯ್ತಿದೆ’ ಅಂತ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪೆಟ್ರೋಲ್ ಪೈಪು ಹೊಸದು ಹಾಕಿದ. ಬ್ರೇಕು ಚಕ್ರವನ್ನು ಕಚ್ಚಿ ಹಿಡಿದಿದೆಯೇ, ಚೈನು ಬಿಗಿಯೇ, ಎಲ್ಲ ನೋಡಿದ. ಅವನ ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಓಡಿಸಿದರೆ ಗುಂಡುಕಲ್ಲಿನ ಹಾಗೆ ಗಟ್ಟಿ. ಮರುದಿನ ಮೀನಂಬಾಕ್ಕಂನಲ್ಲಿ ಮತ್ತೆ ಅದೇ ಬಿಕ್ಕಳಿಕೆ. ಕೊನೆಗೆ ಅವನೂ ಕೈ ಚೆಲ್ಲಿ, ‘ಬಿಸಿಲು ಸಾರ್, ಈ ಬಿಸಿಲಿಗೆ ಮನುಷ್ಯನೇ ಕೂತುಬಿಡ್ತಾನೆ’ ಅಂದ.

ಬಿಸಿಲು ಅಂತ ಮನೆಗೆ ಬಂದು ಹೇಳಿದೆ. ಅಪ್ಪ ಪೇಪರಿನಿಂದ ಕಣ್ಣೆತ್ತಲಿಲ್ಲ. ‘ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಅಳಿಯಂದಿರು ಓಡಿಸುವಾಗ ಇದೇ ಸೂರ್ಯ ಅಲ್ವೇನೋ?’ ಅಂದರು.

ಅದೇ, ಅದೇ ಉರಿಯುವ ಬೆಂಕಿಗೆ ತುಪ್ಪ. ಯಾಕೆಂದರೆ ಅವರು ಅಂದದ್ದು ನಿಜ. ಶನಿವಾರ ಸಂಜೆ ಅಕ್ಕ ಮೆಟ್ರೋದಲ್ಲಿ, ಭಾವ ತಮ್ಮದೇ ಮೋಟರ್ ಸೈಕಲ್ಲಿನಲ್ಲಿ ಬಂದು ಇಳಿಯುತ್ತಿದ್ದರು. ಅವರದೂ ಹಳೆಯದೇ, ಹೆಚ್ಚೂಕಮ್ಮಿ ಅಪ್ಪನದರ ತಮ್ಮನ ಹಾಗೆ ಕಾಣುವಂಥದ್ದು. ಆದರೆ ನಿನ್ನೆ ಶೋರೂಮಿನಿಂದ ಇಳಿಸಿದ ಹಾಗೆ ಫಳಫಳ. ಭಾನುವಾರ ಬೆಳಿಗ್ಗೆ ಭಾವ ಅಪ್ಪನ ವಂಡಿ ತೆಗೆದು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಮಠಕ್ಕೆ ಹೋಗುತ್ತಿದ್ದರು. ಅಲ್ಲಿಂದ ಬೀಚು, ಅಲ್ಲಿಂದ ಯಾರೋ ಹಳೆಯ ಸ್ನೇಹಿತರ ಮನೆ, ನಡುಮಧ್ಯಾಹ್ನದ ಬಿಸಿಲಲ್ಲಿ ವಾಪಸ್ಸು. ಒಂದು ಸಲವಾದರೂ ಕೆಡಬೇಡವೇ? ಒಂದು ಸಲ ಕಾಯಬೇಡವೇ? ನಾನು ಬಾಲ್ಕನಿಯಲ್ಲಿ ನಿಂತು, ದೇವರೇ ಇವತ್ತೊಂದು ದಿನ ನಿಂತುಹೋಗಲಿ ಅಂತ ಹರಕೆ ಹೊತ್ತವನ ಹಾಗೆ ಕಾಯುತ್ತಿದ್ದೆ. ಡುಗುಡುಗು ಅಂತ ಬೀದಿ ತಿರುವಿನಲ್ಲಿ ಸದ್ದು ಕೇಳುತ್ತಿತ್ತು. ಅಪ್ಪ ಹಿಂದಿನ ಸೀಟಿನಲ್ಲಿ ಮದುವಣಿಗನ ಹಾಗೆ ಕೂತು ಬರುತ್ತಿದ್ದರು. ಒಂದು ಕೈ ಅಳಿಯನ ಹೆಗಲ ಮೇಲೆ.

ಆ ಕೈ! ನನ್ನ ಹೆಗಲ ಮೇಲೆ ಇರಬೇಕಾಗಿದ್ದ ಕೈ ಅದು. ಹೇಳಲು ನಾಚಿಕೆ ಏನು, ನನಗೆ ವಂಡಿಗಿಂತ ಆ ಕೈಯದೇ ಉರಿ.

‘ಅದು ಕೈಗುಣ ಕಣೋ’ ಅಂದರು ಅಪ್ಪ ಒಂದು ಭಾನುವಾರ ಊಟಕ್ಕೆ ಕೂತಾಗ. ‘ಕೆಲವರ ಕೈಗೆ ಯಂತ್ರ ಒಲಿಯುತ್ತೆ. ನಿನ್ನ ಕೈಗೆ ಒಲೀಲಿಲ್ಲ. ಕತ್ತಿರಿ ಮುಗಿಯೋವರೆಗೆ ನೋಡ್ತೀನಿ. ಆಗಲೂ ಹೀಗೇ ಇದ್ದರೆ ವಂಡಿ ಅಳಿಯಂದಿರ ಹೆಸರಿಗೆ ಮಾಡಿಬಿಡ್ತೀನಿ. ಪಾಪ, ಅದಾದರೂ ನೆಮ್ಮದಿಯಾಗಿರಲಿ.’

ಕತ್ತಿರಿ ಅಂದರೆ ಇಲ್ಲಿ ಮೇ ತಿಂಗಳ ಅತಿ ಸುಡುವ ದಿನಗಳಿಗೆ ಇಟ್ಟ ಹೆಸರು. ಆಗ ಮಧ್ಯಾಹ್ನ ನಾಯಿಗಳೂ ರಸ್ತೆ ದಾಟುವುದಿಲ್ಲ. ಅಂದರೆ ವರ್ಷದ ಅತಿ ಕೆಟ್ಟ ಬಿಸಿಲಿನಲ್ಲಿ ನನಗೆ ಪರೀಕ್ಷೆ! ನಾನು ಭಾವನ ಮುಖ ನೋಡಿದೆ. ‘ಬೇಡ ಮಾವ, ನನ್ನದೊಂದು ಗಾಡಿ ಇದೆಯಲ್ಲ’ ಅನ್ನಬಹುದಿತ್ತು. ಅನ್ನಲಿಲ್ಲ. ಮಜ್ಜಿಗೆ ಅನ್ನ ಕಲಸುತ್ತಾ ತಲೆ ತಗ್ಗಿಸಿ ಕೂತಿದ್ದರು. ಎಲಾ ಇವರ, ಅಂದುಕೊಂಡೆ. ಬೇಕಾಗೇ ಇಲ್ಲ ಇವರಿಗೆ ಎರಡನೆಯ ವಂಡಿ, ಆದರೂ ಬೇಕು.

ಇವರು ಏನೋ ಮಾಡುತ್ತಾರೆ, ನನಗೆ ಹೇಳದೆ ಏನೋ ಕೈಚಳಕ ಇದೆ ಅನ್ನುವ ಗುಮಾನಿ ಹುಟ್ಟಿತು. ಮುಂದಿನ ಭಾನುವಾರ ಮೈಯೆಲ್ಲ ಕಣ್ಣಾಗಿ ಬಾಲ್ಕನಿಯ ಬಟ್ಟೆಗಳ ಮರೆಯಲ್ಲಿ ನಿಂತೆ. ನಮ್ಮ ಫ್ಲಾಟಿನ ಗೇಟಿನ ಪಕ್ಕ ಒಂದು ಮರವಿದೆ. ಬೇಸಿಗೆಯಲ್ಲಿ ಅದರ ಹಳದಿ ಹೂ ಸುರಿದು ಕೆಳಗೆ ನಿಂತ ವಂಡಿಗಳ ಮೇಲೆಲ್ಲ ಹಳದಿ ಧೂಳು ಕೂರುತ್ತದೆ. ಭಾವ ಬಂದರು. ಒಂದು ಬಟ್ಟೆ ಒದ್ದೆ ಮಾಡಿಕೊಂಡು ಸೀಟು, ಹ್ಯಾಂಡಲ್ಲು, ಟ್ಯಾಂಕು ಎಲ್ಲ ಒರೆಸಿದರು. ಟ್ಯಾಂಕಿನ ಮುಚ್ಚಳದ ಹತ್ತಿರ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತರು, ಆಮೇಲೆ ಅದನ್ನೂ ತಿಕ್ಕಿ ಒರೆಸಿದರು. ಅಷ್ಟೇ. ಮಂತ್ರವಿಲ್ಲ, ಮಾಟವಿಲ್ಲ. ‘ನೋಡಿದಿರಾ, ಎಷ್ಟು ಚೊಕ್ಕ. ನೀವೂ ದಿನಾ ಒಂದು ಸಲ ಹಾಗೆ ಒರೆಸಿ’ ಅಂದಳು ಹಿಂದಿನಿಂದ ಬಂದ ಹೆಂಡತಿ. ‘ಅವರು ಒರೆಸ್ತಾರೆ ಅಂತ ನಾನೂ ಒರೆಸಬೇಕಾ? ಸತ್ತರೂ ಇಲ್ಲ!’ ಅಂದೆ. ಆ ಒಂದು ಹಟ ನನ್ನನ್ನು ಇನ್ನಷ್ಟು ದಿನ ಬಿಸಿಲಲ್ಲಿ ನಿಲ್ಲಿಸಿತು.

ಕತ್ತಿರಿ ಬಂತು. ಮೀನಂಬಾಕ್ಕಂನ ಬಸ್ ಸ್ಟಾಪಿನ ಪಕ್ಕ ಎಳನೀರು ಮಾರುವ ಹೆಂಗಸಿಗೆ ನಾನು ದಿನದ ಗಿರಾಕಿ ಆಗಿಬಿಟ್ಟಿದ್ದೆ. ವಂಡಿ ಬಿಕ್ಕುತ್ತಾ ಬರುವುದು ದೂರದಿಂದಲೇ ಕೇಳಿಸಿದರೆ ಆಕೆ ಕಾಯಿ ಕೆತ್ತಲು ಶುರು ಮಾಡುತ್ತಿದ್ದಳು. ಒಂದು ದಿನ ಆಫೀಸಿನಲ್ಲಿ ಮುಖ್ಯವಾದ ಮೀಟಿಂಗು ಇತ್ತು. ಅವತ್ತೂ ಅಲ್ಲೇ, ಅದೇ ಜಾಗದಲ್ಲಿ ನಿಂತಿತು. ನನಗೆ ತಲೆ ಕೆಟ್ಟುಹೋಯಿತು. ಕಾಲಿನಿಂದ ವಂಡಿಗೆ ಒದ್ದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕರು ಕೊಡೆಯ ಕೆಳಗಿನಿಂದ, ‘ತಂಬಿ, ಪೆಟ್ರೋಲ್ ಇರುಕ್ಕಾ, ಪಾರುಂಗ’ ಅಂದರು. ಪೆಟ್ರೋಲ್ ಇದೆಯಾ ನೋಡಬೇಕಂತೆ! ನಿನ್ನೆ ಸಂಜೆ ಟ್ಯಾಂಕು ತುಂಬಿಸಿದವನಿಗೆ ಈ ಉಪದೇಶ. ಅವರ ಬಾಯಿ ಮುಚ್ಚಿಸಲೆಂದೇ ಕೀಲಿ ಹಾಕಿ ಮುಚ್ಚಳ ತಿರುಗಿಸಿದೆ.

ಹುಸ್ಸ್ ಅಂತ ಸದ್ದಾಯಿತು. ಟ್ಯಾಂಕು ಎಷ್ಟೋ ಹೊತ್ತಿನಿಂದ ಉಸಿರು ಬಿಗಿ ಹಿಡಿದಿದ್ದು ಈಗ ಒಳಕ್ಕೆ ಎಳೆದುಕೊಂಡಂತೆ.

ಮುಚ್ಚಿ, ಸಿಟ್ಟಿನಲ್ಲೇ ಕಿಕ್ ಹೊಡೆದೆ. ಒಂದೇ ಒದೆತಕ್ಕೆ ಎದ್ದಿತು. ನಾನು ಇಂಜಿನ್ನಿನ ಹತ್ತಿರ ಕೈ ಹಿಡಿದು ನೋಡಿದೆ. ಕೆಂಡ. ತಣ್ಣಗಾಗಿರಲೇ ಇಲ್ಲ! ಅಂದರೆ ಇಷ್ಟು ದಿನ ತಣ್ಣಗಾದ ಮೇಲೆ ಹೊರಡುತ್ತಿದೆ ಅಂದುಕೊಂಡಿದ್ದೆಲ್ಲ ಸುಳ್ಳು. ಇದಕ್ಕೆ ಬೇಕಾಗಿದ್ದದ್ದು ತಂಪಲ್ಲ, ಗಾಳಿ. ಪೆಟ್ರೋಲ್ ಕೆಳಗೆ ಇಳಿದ ಹಾಗೆಲ್ಲ ಮೇಲಿನಿಂದ ಟ್ಯಾಂಕಿಗೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ. ಗಾಳಿ ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಪೆಟ್ರೋಲ್ ಸಾಲದೆ ಇಂಜಿನ್ನು ಒಣಗಿ ಒಣಗಿ ಕಾಯುತ್ತದೆ, ಕೊನೆಗೆ ನಿಲ್ಲುತ್ತದೆ. ನಿಂತಷ್ಟು ಹೊತ್ತಿನಲ್ಲಿ ಹನಿಹನಿಯಾಗಿ ಒಂದಿಷ್ಟು ಇಳಿದರೆ ಮತ್ತೆ ಹೊರಡುತ್ತದೆ. ಇಷ್ಟೇ! ಕಾಯಿಲೆ ಇಂಜಿನ್ನಿಗಲ್ಲ, ಮುಚ್ಚಳಕ್ಕೆ!

ಬಗ್ಗಿ ನೋಡಿದೆ. ತೂತು ಕಾಣಿಸಲಿಲ್ಲ. ಅದರ ಮೇಲೆ ಹಳದಿಯಾಗಿ ಏನೋ ಮೆತ್ತಿ, ಬಿಸಿಲಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಹೂವಿನ ಧೂಳು ಅಂದುಕೊಂಡು ಉಗುರಿನಿಂದ ಕೆರೆದೆ. ಅದು ಧೂಳಲ್ಲ, ಜೇಡಿ. ಒಂದು ಅಂಚಿನಲ್ಲಿ ಅಚ್ಚು ಉಳಿದಿತ್ತು. ಸಣ್ಣ ಸಣ್ಣ ಹಲ್ಲುಗಳು, ಅರ್ಧ ಚಕ್ರ.

ಆ ಚಕ್ರ ನನಗೆ ಗೊತ್ತಿಲ್ಲದಿದ್ದರೆ ಇನ್ನು ಯಾರಿಗೆ ಗೊತ್ತು? ಮುಂಜಿಯಾದ ದಿನದಿಂದ ನನ್ನ ತೋಳಿನ ಮೇಲೆ ಅಪ್ಪ ಒತ್ತಿದ ಅಚ್ಚು ಅದು. ಗೋಪೀಚಂದನದ ಹಳದಿ ಜೇಡಿ ತೇಯ್ದು, ಮೈಮೇಲೆ ನಾಮ ಎಳೆದುಕೊಂಡು, ಆ ಹಿತ್ತಾಳೆಯ ಮುದ್ರೆ ಒತ್ತಿಕೊಳ್ಳದೆ ಅಪ್ಪ ಇವತ್ತಿಗೂ ಹನಿ ನೀರು ಬಾಯಿಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಕಾಲೇಜಿಗೆ ಹೋದಮೇಲೆ ಅದನ್ನೆಲ್ಲ ಬಿಟ್ಟೆ. ಬಿಟ್ಟಾಗ ಮನೆಯಲ್ಲಿ ದೊಡ್ಡ ರಂಪವಾಗಿತ್ತು.

ನನ್ನ ಅಪ್ಪ ನನಗೆ ನಿಜವಾಗಿಯೂ ನಾಮ ಹಾಕಿದ್ದರು.

ಆ ಬಿಸಿಲಿನಲ್ಲಿ, ಓಡುತ್ತಿರುವ ವಂಡಿಯ ಪಕ್ಕ ನಿಂತು ನಾನು ಬಿದ್ದು ಬಿದ್ದು ನಕ್ಕೆ. ಎಳನೀರಿನ ಹೆಂಗಸು ಹೆದರಿ ನನ್ನ ತಲೆಗೆ ನೀರು ಚಿಮುಕಿಸಿದಳು. ಮೀಟಿಂಗಿಗೆ ತಡವಾಗಿ ಹೋಗಿ ಬೈಸಿಕೊಂಡೆ, ಅದೂ ನನ್ನ ಕಿವಿಗೆ ಬೀಳಲಿಲ್ಲ.

ಮರುದಿನ ಬೇಗ ಎದ್ದು ಬಾಲ್ಕನಿಯ ಬಟ್ಟೆಗಳ ಮರೆಯಲ್ಲಿ ಮತ್ತೆ ನಿಂತೆ. ಅಪ್ಪ ಬೆಳಿಗ್ಗೆ ಹೊತ್ತು ಕೆಳಗಿಳಿಯುವುದು ಕಾಗೆಗೆ ಅನ್ನ ಇಡಲು ಅಂತ ನಾನೂ ನನ್ನವಳೂ ತಿಳಿದಿದ್ದೆವು. ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲ, ಅಪ್ಪನಿಗೆ ಮಂಡಿ ನೋವು. ಅವರು ಗೋಡೆ ಹಿಡಿದುಕೊಂಡು ಇಳಿದು ಹೋಗುವ ಸದ್ದು ಕೇಳಿಸಿತು. ಮರದ ಕೆಳಗೆ ಬಂದು ಪಂಚೆಯ ಚುಂಗಿನಲ್ಲಿ ಮುಚ್ಚಿಕೊಂಡಿದ್ದ ಬಟ್ಟಲು ತೆಗೆದರು. ಮುದ್ರೆಯನ್ನು ಗೋಪೀಚಂದನದಲ್ಲಿ ಅದ್ದಿ, ಟ್ಯಾಂಕಿನ ಮುಚ್ಚಳದ ನಟ್ಟನಡುವೆ, ಜಾತಕ ನೋಡಿ ಜಾಗ ಹುಡುಕಿದವರ ಹಾಗೆ ಸರಿಯಾಗಿ ತೂತಿನ ಮೇಲೇ ಒತ್ತಿದರು. ಕೈ ಮುಗಿದರು. ಮುಂದಿನ ಚಕ್ರವನ್ನು ಕಾಲಿನಿಂದ ಒತ್ತಿ ಗಾಳಿ ನೋಡಿದರು. ಆಮೇಲೆ ನಾನು ಬಿದ್ದಾಗ ಸೊಟ್ಟಗಾಗಿದ್ದ ಫುಟ್‌ರೆಸ್ಟನ್ನು ಬಗ್ಗಿ ಕೈಯಿಂದ ಸವರಿದರು.

‘ವಂಡಿ ಏನಾಯ್ತು’ ಅಂತ ಕೇಳಿದ್ದ ಮನುಷ್ಯ.

ಈಗ ನಾನೇನು ಮಾಡಬೇಕು? ಮೇಲೆ ಬಂದ ಕೂಡಲೇ, ‘ಅಪ್ಪ, ನಿಮ್ಮ ಮುದ್ರೆಯಿಂದಲೇ ಇಷ್ಟು ದಿನ ನಾನು ಬಿಸಿಲಲ್ಲಿ ಬೆಂದೆ, ನನ್ನ ಕೈಗುಣ ಚೆನ್ನಾಗೇ ಇದೆ’ ಅಂತ ಹೇಳಿದರೆ ವಂಡಿ ನನ್ನದೇ. ಗೆದ್ದೆ. ಆದರೆ ಆ ಮಾತು ಕೇಳಿದ ಮೇಲೆ ಅಪ್ಪನ ಮುಖ ಹೇಗಾಗುತ್ತದೆ? ನನ್ನ ಬಾಯಿಂದ ಬರಲಿಲ್ಲ. ಹೆಂಡತಿಯ ಡಬ್ಬಿಯಿಂದ ಒಂದು ಸೇಫ್ಟಿ ಪಿನ್ನು ತೆಗೆದು ಷರ್ಟಿನ ಜೇಬಿಗೆ ಚುಚ್ಚಿಕೊಂಡೆ. ಬೀದಿ ತಿರುಗಿದ ಮೇಲೆ ವಂಡಿ ನಿಲ್ಲಿಸಿ, ಚಕ್ರ ಕೆಡದ ಹಾಗೆ, ತೂತಿನಷ್ಟೇ ಜೇಡಿಯನ್ನು ಚುಚ್ಚಿ ತೆಗೆದೆ. ಅವತ್ತು ಪಲ್ಲಾವರಂವರೆಗೆ ವಂಡಿ ಹಾಡಿಕೊಂಡು ಹೋಯಿತು. ಎಳನೀರಿನ ಹೆಂಗಸು ಕತ್ತಿ ಎತ್ತಿ ಹಿಡಿದು ನೋಡುತ್ತಲೇ ಇದ್ದಳು, ನಾನು ಕೈ ಬೀಸಿ ಮುಂದೆ ಹೋದೆ.

ಕತ್ತಿರಿ ಮುಗಿಯುವವರೆಗೆ ಒಂದು ದಿನವೂ ವಂಡಿ ನಿಲ್ಲಲಿಲ್ಲ. ಕೊನೆಯ ಭಾನುವಾರ ಊಟವಾದ ಮೇಲೆ ಅಪ್ಪ ಕೀಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ, ‘ಅಳಿಯಂದಿರೇ, ಯಾಕೋ ಈಚೆಗೆ ಇವನ ಕೈಗೂ ವಂಡಿ ಹತ್ತಿದ ಹಾಗಿದೆ. ಇರಲಿ ಬಿಡಿ, ಇವನ ಹತ್ತಿರವೇ ಇರಲಿ’ ಅಂತ ಅದನ್ನು ನನ್ನ ಮುಂದೆ ಇಟ್ಟರು. ಭಾವ ‘ಸರಿ ಮಾವ’ ಅಂದರು. ಆದರೆ ಅವರ ಮುಖ ಇಳಿದುಹೋಯಿತು. ನೋಡಿ ನನಗಾದ ಸಂತೋಷ, ಅಬ್ಬಾ, ಮನೆಯಲ್ಲಿ ಹಬ್ಬದ ಒಬ್ಬಟ್ಟಿಗೂ ಅಷ್ಟು ರುಚಿ ಇರುವುದಿಲ್ಲ.

ಅವರನ್ನು ಕಳಿಸಿಕೊಡಲು ಕೆಳಗೆ ಬಂದೆ. ಗೆದ್ದವನು ನೋಡಿ, ಬೀಳ್ಕೊಡುವ ಧಾರಾಳವೂ ಬಂದಿತ್ತು. ನಮ್ಮಿಬ್ಬರ ವಂಡಿಗಳೂ ಮರದ ಕೆಳಗೆ ಪಕ್ಕಪಕ್ಕ ನಿಂತಿದ್ದವು. ಭಾವ ತಮ್ಮದರ ಸ್ಟ್ಯಾಂಡ್ ತೆಗೆಯದೆ ನಿಂತರು.

‘ಒಂದು ಮಾತು ಕೇಳ್ಲಾ? ಮಾವ ನಿನ್ನ ಗಾಡಿಗೆ ಮುದ್ರೆ ಹಾಕ್ತಾರೆ, ಗೊತ್ತಾ ನಿನಗೆ?’

ಹೂಂ ಅಂತ ತಲೆಯಾಡಿಸಿದೆ.

‘ನಾನು ಮೊದಲ ಸಲ ನೋಡಿದ್ದು ಒರೆಸುವಾಗ. ಶನಿವಾರ ನಿನಗೆ ಅಂತ ಹಾಕಿದ್ದು ಭಾನುವಾರವೂ ಇರುತ್ತೆ. ಭಾನುವಾರ ಓಡಿಸೋನು ನಾನು ಅಂತ ಮಾವನಿಗೆ ಗೊತ್ತು. ಆದರೆ ಭಾನುವಾರ ಬೆಳಿಗ್ಗೆ ಅವರು ಕೆಳಗೇ ಬರಲ್ಲ. ನಾನು ಬೇಗ ಎದ್ದು ಕಾದು ನೋಡಿದ್ದೀನಿ, ಎಷ್ಟೋ ವಾರ. ಒಂದು ದಿನವಾದರೂ ಬರ್ತಾರೇನೋ ಅಂತ. ಆಮೇಲೆ ನಿನ್ನದನ್ನೂ ಒರೆಸಿಬಿಡ್ತಿದ್ದೆ. ನನ್ನ ಹೆಸರಿಗೆ ಹಾಕಿದ್ದಲ್ಲವಲ್ಲ.’ ಅವರು ನಗಲು ನೋಡಿದರು. ‘ಈ ಗಾಡಿ ನನ್ನ ಹೆಸರಿಗೆ ಬಂದರೆ, ಅಭ್ಯಾಸಬಲಕ್ಕಾದರೂ ನನಗೂ ಹಾಕ್ತಾರೇನೋ ಅನ್ನಿಸಿತ್ತು. ಚಿಕ್ಕ ಮಕ್ಕಳ ಬುದ್ಧಿ ಕಣಯ್ಯ, ಬಿಡು.’

ಭಾವನಿಗೆ ತಂದೆಯ ಮುಖ ನೆನಪಿಲ್ಲ. ಅವರು ಹುಟ್ಟಿದ ವರ್ಷವೇ ತಂದೆ ಹೋದರು ಅಂತ ಅಕ್ಕನ ಮದುವೆಯಲ್ಲಿ ಯಾರೋ ಹೇಳಿದ್ದರು. ಅದು ನನಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ, ಅಷ್ಟೇ. ಅವರ ಉರಿ ನನ್ನ ವಂಡಿಯನ್ನು ಭಾನುವಾರ ಭಾನುವಾರ ಸರಿಪಡಿಸುತ್ತಿತ್ತು, ಒರೆಸುವುದಿಲ್ಲ ಅಂದ ನನ್ನ ಉರಿ ಅದನ್ನು ಸೋಮವಾರದಿಂದ ಕೆಡಿಸಿಕೊಂಡು ಕೂತಿತ್ತು. ಪಿನ್ನಿನ ವಿಷಯ ಮಾತ್ರ ಅವರಿಗೆ ಹೇಳಲಿಲ್ಲ. ಅದನ್ನು ಹೇಳಿದರೆ ಅಪ್ಪನ ಮುದ್ರೆಯ ಮಾನ ಹೋಗುತ್ತಿತ್ತು.

ಆ ವಾರವೆಲ್ಲ ನನಗೆ ನೆಮ್ಮದಿ ಇಲ್ಲ. ಅಪ್ಪನಿಗೆ ಒಂದು ಮಾತು ಹೇಳಿದರೆ ಸಾಕು, ಅವರು ಭಾವನ ವಂಡಿಗೂ ಮುದ್ರೆ ಒತ್ತಿಯಾರು. ಆದರೆ ನಾಲಿಗೆ ಏಳಬೇಕಲ್ಲ! ‘ನೀವು’ ಅವರದು, ಫ್ಯಾನಿನ ಕೆಳಗಿನ ಕುರ್ಚಿ ಅವರದು, ಹೆಗಲ ಮೇಲಿನ ಕೈ ಅವರದು. ನನ್ನದು ಅಂತ ಇರುವುದು ಒಂದು ಚಿಟಿಕೆ ಜೇಡಿ. ಅದನ್ನೂ ಹಂಚಿಕೊಳ್ಳಬೇಕಾ? ಸೋಮವಾರ ಹೇಳಲಿಲ್ಲ. ಮಂಗಳವಾರವೂ ಇಲ್ಲ. ಶನಿವಾರ ಸಂಜೆ ಅಕ್ಕ, ಭಾವ ಬರುವ ಹೊತ್ತಿಗೆ ಅಪ್ಪ ಮತ್ತೆ ಶುರು ಮಾಡಿದರು: ‘ಅಳಿಯಂದಿರ ವಂಡಿ ನೋಡು, ಹೇಗಿಟ್ಟುಕೊಂಡಿದ್ದಾರೆ. ನಿನ್ನದೂ ಇದೆ.’

‘ಅಷ್ಟೊಂದು ಪ್ರೀತಿ ಇದ್ದರೆ ಅವರ ವಂಡಿಗೂ ಒಂದು ಮುದ್ರೆ ಒತ್ತಿ!’ ಅಂತ ಕಿರುಚಿಬಿಟ್ಟೆ.

ಅಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನನ್ನನ್ನು ನೋಡಿದರು. ‘ನೋಡಿಬಿಟ್ಯಾ?’ ಅಂದರು ಮೆಲ್ಲಗೆ. ಆಮೇಲೆ ಪೇಪರು ಮಡಿಸುತ್ತಾ, ‘ಅವರಿಗ್ಯಾಕೋ? ಅವರು ಹುಷಾರು ಮನುಷ್ಯ, ನೋಡಿಕೊಂಡು ಓಡಿಸ್ತಾರೆ. ಬೀಳೋನು ನೀನು’ ಅಂದರು.

‘ಅವರಿಗೆ ಒತ್ತೋಕೆ ಬೇರೆ ಯಾರಿದ್ದಾರೆ ಅಪ್ಪ?’ ಅಂದೆ.

ಅವರು ಪೇಪರನ್ನು ಮಡಿಸುತ್ತಲೇ ಇದ್ದರು. ಅದು ಅಂಗೈಯಷ್ಟು ಚಿಕ್ಕದಾದ ಮೇಲೂ ಇನ್ನೊಂದು ಸಲ ಮಡಿಸಿದರು.

ಮರುದಿನ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಮಂಡಿ ನೋವಿನ ಆ ನಿಧಾನದ ಸದ್ದು ಕೇಳಿತು. ನಾನು ಎದ್ದು ನೋಡಲು ಹೋಗಲಿಲ್ಲ. ಹೊದಿಕೆ ಮುಖದ ಮೇಲೆ ಎಳೆದುಕೊಂಡು ಮಲಗಿದೆ. ಸುಳ್ಳು ಯಾಕೆ ಹೇಳಲಿ, ಆಗಲೂ ಒಂದಿಷ್ಟು ಉರಿಯಿತು.

ಅವತ್ತು ಅಕ್ಕ ಇಲ್ಲೇ ಉಳಿದಳು. ಭಾವ ಒಬ್ಬರೇ ಮಧ್ಯಾಹ್ನ ಅಣ್ಣಾ ನಗರಕ್ಕೆ ಹೊರಟರು. ಹೊರಗೆ ಡಾಂಬರು ಕರಗುವಂಥ ಬಿಸಿಲು. ಅವರು ಹೋಗಿ ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು.

‘ಗಾಡಿ ನಿಂತುಹೋಯ್ತು ಕಣಯ್ಯ. ವಡಪಳನಿ ದಾಟಿ ಸ್ವಲ್ಪ ಮುಂದೆ. ಇಂಜಿನ್ನು ಕೆಂಡ ಆಗಿದೆ. ಯಾವತ್ತೂ ಹೀಗಾಗಿರಲಿಲ್ಲ.’ ಅಷ್ಟು ಬಿಸಿಲಲ್ಲಿ ನಿಂತಿದ್ದ ಮನುಷ್ಯನ ದನಿಯಲ್ಲಿ ಬೇಸರದ ಸುಳಿವೂ ಇರಲಿಲ್ಲ.

ನನಗೆ ಗೊತ್ತಾಯಿತು. ಆದರೂ ಕೇಳಿದೆ: ‘ಭಾವ, ಹೊರಡುವಾಗ ಗಾಡಿ ಒರೆಸಿದಿರಿ ತಾನೆ?’

‘ಒರೆಸಿದೆ.’

‘ಮುಚ್ಚಳ?’

ಆ ಕಡೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

‘ಅದನ್ನ ಹೇಗಯ್ಯ ಒರೆಸಲಿ?’ ಅಂದರು.

ನಾನು ಜೇಬು ಮುಟ್ಟಿ ನೋಡಿಕೊಂಡೆ. ಪಿನ್ನು ಅಲ್ಲೇ ಇತ್ತು. ‘ನೆರಳಲ್ಲಿ ನಿಂತಿರಿ ಭಾವ, ಬಂದೆ’ ಅಂದು ಗಾಡಿಯ ಕೀಲಿ ತೆಗೆದುಕೊಂಡೆ.